ಮದುವೆಗೆ ಮೊದಲು ಒಂದು ರಕ್ತ ಪರೀಕ್ಷೆ: ತಳಿವಿಜ್ಞಾನದ ಬಗ್ಗೆ ಜೈನ ಕುಟುಂಬಗಳು ತಿಳಿದಿರಬೇಕಾದದ್ದು

ಮಕ್ಕಳಿಗೆ ಸಂಬಂಧ ನೋಡುವಾಗ ಜೈನ ಕುಟುಂಬಗಳಲ್ಲಿ ಪಂಗಡ, ಗೋತ್ರ, ಓದು, ಉದ್ಯೋಗ, ಮನೆತನದ ಸಂಸ್ಕಾರ ಎಲ್ಲವನ್ನೂ ವಿಚಾರಿಸುತ್ತಾರೆ. ಹಲವರು ಜಾತಕವನ್ನೂ ಹೊಂದಿಸಿ ನೋಡುತ್ತಾರೆ. ಆದರೆ ಹುಟ್ಟಲಿರುವ ಮಗುವಿನ ಆರೋಗ್ಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಸಣ್ಣ ರಕ್ತ ಪರೀಕ್ಷೆಯ ಮಾತು ಬರುವುದು ಅಪರೂಪ. ಮಗು ಹುಟ್ಟಿ ಆರೆಂಟು ತಿಂಗಳಲ್ಲಿ ಬಿಳಿಚಿಕೊಂಡು, ಹಾಲು ಕುಡಿಯದೆ, ಹೊಟ್ಟೆ ಉಬ್ಬಿ ಆಸ್ಪತ್ರೆ ಸೇರಿದ ಮೇಲೆ "ತಂದೆ ತಾಯಿ ಇಬ್ಬರೂ ಥಲಸ್ಸೇಮಿಯಾ ವಾಹಕರು" ಎಂದು ವೈದ್ಯರು ಹೇಳುತ್ತಾರೆ. ಆಗ ಕಾಲ ಮಿಂಚಿರುತ್ತದೆ. ಈ ವಿಷಯ ಏನು, ಇದರ ಲೆಕ್ಕ ಹೇಗೆ, ಸಮಾಜದ ಸಂಘಗಳು ಏನು ಮಾಡಬಹುದು, ಈ ಕ್ಷೇತ್ರದಲ್ಲಿ ಮಕ್ಕಳಿಗೆ ಯಾವ ಓದು ಮತ್ತು ಉದ್ಯೋಗಗಳಿವೆ ಎಂಬುದನ್ನು ಇಲ್ಲಿ ಸರಳವಾಗಿ ವಿವರಿಸಲಾಗಿದೆ.

ವಾಹಕ ಎಂದರೆ ಯಾರು?

ಮನುಷ್ಯನ ಶರೀರದ ಪ್ರತಿ ಜೀವಕೋಶದಲ್ಲೂ ಸುಮಾರು 20,000 ವಂಶವಾಹಿಗಳಿವೆ. ಇವನ್ನೇ ಜೀನ್ ಎನ್ನುತ್ತಾರೆ. ಬಹುತೇಕ ಪ್ರತಿಯೊಂದು ಜೀನಿಗೂ ಎರಡು ಪ್ರತಿಗಳು: ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ. ಅಂಗಡಿಯ ಲೆಕ್ಕದ ಪುಸ್ತಕವನ್ನು ಎರಡು ಪ್ರತಿ ಬರೆದಿಟ್ಟ ಹಾಗೆ. ಒಂದು ಪ್ರತಿಯಲ್ಲಿ ತಪ್ಪು ನುಸುಳಿದ್ದರೂ ಇನ್ನೊಂದು ಸರಿಯಾಗಿದ್ದರೆ ವ್ಯವಹಾರ ನಡೆಯುತ್ತದೆ. ಇಂಥ ಒಂದು ತಪ್ಪು ಪ್ರತಿಯನ್ನು ಹೊತ್ತಿರುವವರೇ ವಾಹಕರು. ಅವರು ರೋಗಿಗಳಲ್ಲ. ದುಡಿಯುತ್ತಾರೆ, ಉಪವಾಸ ಮಾಡುತ್ತಾರೆ, ಪೂರ್ಣ ಆಯುಷ್ಯ ಬದುಕುತ್ತಾರೆ. ತಾವು ವಾಹಕರೆಂಬುದು ಅವರಿಗೆ ಜೀವನಪೂರ್ತಿ ಗೊತ್ತಾಗದೆಯೂ ಇರಬಹುದು.

ತೊಂದರೆ ಬರುವುದು ಒಂದೇ ರೋಗದ ಇಬ್ಬರು ವಾಹಕರು ಮದುವೆಯಾದಾಗ. ಆಗ ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ಎರಡೂ ತಪ್ಪು ಪ್ರತಿಗಳೇ ಬಂದು ರೋಗ ಕಾಣಿಸಿಕೊಳ್ಳುವ ಸಾಧ್ಯತೆ 25%. ತಂದೆ ತಾಯಿಯಂತೆ ವಾಹಕವಾಗುವ ಸಾಧ್ಯತೆ 50%. ಎರಡೂ ಸರಿಯಾದ ಪ್ರತಿಗಳು ಬರುವ ಸಾಧ್ಯತೆ 25%. ವಾಹಕರು ವಾಹಕರಲ್ಲದವರನ್ನು ಮದುವೆಯಾದರೆ ಆ ರೋಗ ಮಗುವಿಗೆ ಬರುವುದಿಲ್ಲ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳು ಮನೆಮನೆಯಲ್ಲಿವೆ. ಮೊದಲನೆಯದು, ನಾಲ್ಕರಲ್ಲಿ ಒಂದು ಎಂದರೆ ಒಂದು ಮಗುವಿಗೆ ರೋಗ ಬಂದ ಮೇಲೆ ಮುಂದಿನ ಮೂವರು ಸುರಕ್ಷಿತ ಎಂಬುದು. ಹಾಗಲ್ಲ, ಪ್ರತಿ ಬಾರಿಯೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಎರಡನೆಯದು, ಸೊಸೆಯ ತವರಿನಿಂದ ರೋಗ ಬಂತು ಎಂಬ ಆಪಾದನೆ. ಇಂಥ ರೋಗ ಬರಬೇಕಾದರೆ ತಂದೆಯ ಪ್ರತಿಯೂ ತಾಯಿಯ ಪ್ರತಿಯೂ ಸೇರಬೇಕು. ಒಬ್ಬಳ ಮೇಲೆ ತಪ್ಪು ಹೊರಿಸುವುದು ವಿಜ್ಞಾನಕ್ಕೂ ಒಪ್ಪುವುದಿಲ್ಲ, ಧರ್ಮಕ್ಕೂ ಒಪ್ಪುವುದಿಲ್ಲ.

ಥಲಸ್ಸೇಮಿಯಾ: ಮನೆಮಂದಿಯ ಜೀವನವನ್ನೇ ಬದಲಿಸುವ ರೋಗ

ಭಾರತದಲ್ಲಿ ಬೀಟಾ ಥಲಸ್ಸೇಮಿಯಾ ವಾಹಕರು ಸರಾಸರಿ 100ಕ್ಕೆ 3ರಿಂದ 4 ಮಂದಿ. ಸಿಂಧಿ, ಪಂಜಾಬಿ, ಲೋಹಾಣ, ಗುಜರಾತಿ, ಬಂಗಾಳಿ ಮುಂತಾದ ಸಮುದಾಯಗಳಲ್ಲಿ ಪ್ರಮಾಣ ಇನ್ನೂ ಹೆಚ್ಚು. ಕರ್ನಾಟಕದ ಊರೂರುಗಳಲ್ಲಿ ವ್ಯಾಪಾರಕ್ಕೆ ಬಂದು ನೆಲೆಸಿರುವ ಗುಜರಾತ್ ಮೂಲದ ಜೈನ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ದೇಶದಲ್ಲಿ ಪ್ರತಿ ವರ್ಷ ಸುಮಾರು 10,000 ಮಕ್ಕಳು ಥಲಸ್ಸೇಮಿಯಾ ಮೇಜರ್ ಎಂಬ ತೀವ್ರ ರೂಪದೊಂದಿಗೆ ಹುಟ್ಟುತ್ತಾರೆಂಬ ಅಂದಾಜಿದೆ.

ಈ ಮಕ್ಕಳ ಶರೀರ ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸುವುದಿಲ್ಲ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು, ಅದೂ ಜೀವನಪೂರ್ತಿ. ಪದೇ ಪದೇ ರಕ್ತ ಕೊಟ್ಟಂತೆ ಕಬ್ಬಿಣದ ಅಂಶ ಹೃದಯ ಮತ್ತು ಯಕೃತ್ತಿನಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಹೊರಹಾಕಲು ಪ್ರತಿದಿನ ಔಷಧ ಬೇಕು. ಪೂರ್ಣ ಗುಣಕ್ಕೆ ಇರುವ ಮುಖ್ಯ ದಾರಿ ಅಸ್ಥಿಮಜ್ಜೆಯ ಕಸಿ. ಅದಕ್ಕೆ ಒಡಹುಟ್ಟಿದವರ ಮಜ್ಜೆ ಹೊಂದಿಕೊಳ್ಳುವ ಸಾಧ್ಯತೆ ನಾಲ್ಕರಲ್ಲಿ ಒಂದು, ಖರ್ಚು ಹಲವು ಲಕ್ಷ. ಕೋಲ್ ಇಂಡಿಯಾ ಸಂಸ್ಥೆಯ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ ಅರ್ಹ ಮಕ್ಕಳ ಕಸಿಗೆ 10 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ ಕೂಡ ಸೇರಿರುವುದರಿಂದ ಪ್ರಮಾಣಪತ್ರ ಪಡೆಯಲು ಅವಕಾಶವಿದೆ.

ಇಷ್ಟು ದೊಡ್ಡ ಕಷ್ಟವನ್ನು ಮೊದಲೇ ತಿಳಿಯುವ ಪರೀಕ್ಷೆ ಮಾತ್ರ ತೀರಾ ಸರಳ. ಒಂದು ಸಾಮಾನ್ಯ ಸಿಬಿಸಿ ರಕ್ತ ಪರೀಕ್ಷೆ, ಅದರ ಜೊತೆಗೆ ಎಚ್‌ಪಿಎಲ್‌ಸಿ ಎಂಬ ಹಿಮೋಗ್ಲೋಬಿನ್ ಪರೀಕ್ಷೆ. ಸಿಬಿಸಿಯಲ್ಲಿ ಎಂಸಿವಿ 80ಕ್ಕಿಂತ ಕಡಿಮೆ, ಎಂಸಿಎಚ್ 27ಕ್ಕಿಂತ ಕಡಿಮೆ ಇದ್ದರೆ ಸಂಶಯ ಪಡಬೇಕು. ಎಚ್‌ಪಿಎಲ್‌ಸಿಯಲ್ಲಿ ಎಚ್‌ಬಿ ಎ2 ಪ್ರಮಾಣ 4% ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ವಾಹಕ ಎಂದು ತಿಳಿಯುತ್ತಾರೆ. 3.5ರಿಂದ 4ರ ನಡುವೆ ಇದ್ದರೆ ತಜ್ಞರಿಗೆ ತೋರಿಸಬೇಕು. ಕಬ್ಬಿಣದ ಕೊರತೆ ತೀವ್ರವಾಗಿದ್ದರೆ ಈ ಸಂಖ್ಯೆ ಕಡಿಮೆ ತೋರಿಸಬಹುದು. ಹಾಗಾಗಿ ಮೊದಲು ಕೊರತೆ ಸರಿಪಡಿಸಿ ಮತ್ತೆ ಪರೀಕ್ಷಿಸುವುದುಂಟು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೂ ವೈದ್ಯರಿಗೆ ಮೊದಲೇ ತಿಳಿಸಬೇಕು. ಸರಿಯಾಗಿ ಮಾಡಿದ ಪರೀಕ್ಷೆ ಜೀವನದಲ್ಲಿ ಒಮ್ಮೆ ಸಾಕು. ವರದಿಯನ್ನು ಜನ್ಮದಿನಾಂಕದ ದಾಖಲೆಯಂತೆ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಸಣ್ಣ ಸಮಾಜ, ಒಳಗೊಳಗೇ ಮದುವೆ

2011ರ ಜನಗಣತಿಯಂತೆ ದೇಶದಲ್ಲಿ ಜೈನರು ಸುಮಾರು 44.5 ಲಕ್ಷ, ಕರ್ನಾಟಕದಲ್ಲಿ ಸುಮಾರು 4.4 ಲಕ್ಷ. ಇದರಲ್ಲೂ ಚತುರ್ಥ, ಪಂಚಮ, ಉಪಾಧ್ಯೆ, ಸೈತವಾಳ, ಕಾಸಾರ, ಓಸವಾಲ, ಪೋರವಾಲ, ಖಂಡೇಲವಾಲ ಎಂದು ಪಂಗಡಗಳು. ಮದುವೆ ಸಂಬಂಧ ಹೆಚ್ಚಾಗಿ ಆಯಾ ಪಂಗಡದೊಳಗೇ ನಡೆದುಕೊಂಡು ಬಂದಿದೆ. ಸಂಖ್ಯೆ ಕಡಿಮೆ ಇರುವ ಗುಂಪು ತಲೆಮಾರುಗಳ ಕಾಲ ಒಳಗೊಳಗೇ ಮದುವೆಯಾದರೆ, ಯಾವುದೋ ಕಾಲದ ಒಬ್ಬ ಪೂರ್ವಜರಲ್ಲಿದ್ದ ತಪ್ಪು ಪ್ರತಿ ಇಂದು ನೂರಾರು ಮನೆಗಳಲ್ಲಿ ಹರಡಿರಬಹುದು. ತಳಿವಿಜ್ಞಾನದಲ್ಲಿ ಇದನ್ನು ಸಂಸ್ಥಾಪಕ ಪರಿಣಾಮ ಎನ್ನುತ್ತಾರೆ.

ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿ ಕೆ. ತಂಗರಾಜ್ ಮತ್ತು ಅಮೆರಿಕದ ಡೇವಿಡ್ ರೈಖ್ ಅವರ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಆಧಾರ ಒದಗಿಸಿತು. ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳ 2,800ಕ್ಕೂ ಹೆಚ್ಚು ಜನರ ಡಿಎನ್‌ಎ ಪರಿಶೀಲಿಸಿದಾಗ, 81 ಗುಂಪುಗಳಲ್ಲಿ ಈ ಪರಿಣಾಮ ಫಿನ್ಲೆಂಡಿನ ಜನರಲ್ಲಿ ಮತ್ತು ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಇರುವುದಕ್ಕಿಂತಲೂ ಬಲವಾಗಿ ಕಂಡಿತು. ಅದರಲ್ಲಿ ಉದಾಹರಿಸಿದ್ದು ವೈಶ್ಯ ಸಮುದಾಯವನ್ನು. ಶಸ್ತ್ರಚಿಕಿತ್ಸೆಗೆ ಮುನ್ನ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧವನ್ನು ಕರಗಿಸುವ ಕಿಣ್ವ ಆ ಸಮುದಾಯದ ಕೆಲವರಲ್ಲಿ ಕಡಿಮೆ ಇರುವುದು ವೈದ್ಯರಿಗೆ ಮೊದಲಿನಿಂದಲೂ ಗೊತ್ತಿದೆ. ಗೊತ್ತಿರುವುದರಿಂದಲೇ ಅರಿವಳಿಕೆ ತಜ್ಞರು ವಿಚಾರಿಸಿ ಔಷಧ ಬದಲಿಸುತ್ತಾರೆ.

ಜೈನರೂ ವೈಷ್ಣವರೂ ಸೇರಿರುವ ಅಗರವಾಲ ಸಮಾಜದ ಉದಾಹರಣೆ ಇನ್ನೂ ಹತ್ತಿರದ್ದು. 1990ರ ದಶಕದಲ್ಲಿ ಮುಂಬೈನ ನರರೋಗ ತಜ್ಞ ಡಾ. ಬಿ.ಎಸ್. ಸಿಂಘಾಲ್ ಮತ್ತು ಸಹೋದ್ಯೋಗಿಗಳು ಈ ಸಮಾಜದ ಮಕ್ಕಳಲ್ಲಿ ಒಂದು ವಿಶೇಷ ಮಿದುಳು ರೋಗವನ್ನು ಗುರುತಿಸಿದರು. ಮೊದಲ ವರ್ಷದಲ್ಲೇ ತಲೆಯ ಗಾತ್ರ ಹೆಚ್ಚುವುದು, ನಡಿಗೆ ಕ್ರಮೇಣ ಕುಂದುವುದು, ಫಿಟ್ಸ್ ಬರುವುದು ಇದರ ಲಕ್ಷಣ. ಮುಂದೆ ಎಂಎಲ್‌ಸಿ1 ಎಂಬ ಜೀನಿನ ಒಂದೇ ಬಗೆಯ ತಪ್ಪು ಈ ಕುಟುಂಬಗಳಲ್ಲಿ ಇರುವುದು ತಿಳಿಯಿತು. ಒಂದೇ ತಪ್ಪು ಎಂದಾದ ಮೇಲೆ ಅದನ್ನು ಹುಡುಕುವ ಪರೀಕ್ಷೆಯೂ ಸುಲಭವಾಯಿತು.

ಇದನ್ನು ಓದಿ ಜೈನ ರಕ್ತದಲ್ಲೇ ದೋಷವಿದೆ ಎಂದು ಯಾರೂ ಭಾವಿಸಬೇಕಾಗಿಲ್ಲ. ಜಗತ್ತಿನ ಪ್ರತಿಯೊಬ್ಬ ಮನುಷ್ಯನೂ ಯಾವುದಾದರೂ ಕೆಲವು ರೋಗಗಳ ವಾಹಕನೇ. ತನ್ನ ಸಮಾಜದಲ್ಲಿ ಯಾವುದಿದೆ ಎಂದು ತಿಳಿದುಕೊಂಡವರಿಗೆ ಎಚ್ಚರಿಕೆ ವಹಿಸಲು ಸಾಧ್ಯ.

ಗೋತ್ರ ಬಿಟ್ಟು ಮದುವೆ ಮಾಡುವ ಪದ್ಧತಿಯಿಂದ ಹತ್ತಿರದ ರಕ್ತಸಂಬಂಧ ತಪ್ಪುತ್ತದೆ, ಅದು ಒಳ್ಳೆಯದೇ. ಆದರೆ ಥಲಸ್ಸೇಮಿಯಾದಂಥ ರೋಗದ ವಾಹಕರು ಎಲ್ಲ ಗೋತ್ರಗಳಲ್ಲೂ ಇರುತ್ತಾರೆ. ಇನ್ನು ಸೋದರಮಾವ, ಅತ್ತೆಯ ಮಗ, ಮಾವನ ಮಗಳು ಎಂಬ ಸಂಬಂಧಗಳು ಕರ್ನಾಟಕದಲ್ಲಿ ಸಾಮಾನ್ಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ರಾಜ್ಯದ ನಾಲ್ಕರಲ್ಲಿ ಒಂದಕ್ಕೂ ಹೆಚ್ಚು ಮದುವೆ ರಕ್ತಸಂಬಂಧದಲ್ಲೇ ಆಗಿದ್ದು ಕಂಡುಬಂದಿದೆ. ಸೋದರಮಾವ ಮತ್ತು ಸೊಸೆಯ ನಡುವೆ ನಾಲ್ಕರಲ್ಲಿ ಒಂದು ಪಾಲು, ಅತ್ತೆ ಮಾವನ ಮಕ್ಕಳ ನಡುವೆ ಎಂಟರಲ್ಲಿ ಒಂದು ಪಾಲು ಜೀನ್‌ಗಳು ಸಮಾನವಾಗಿರುತ್ತವೆ. ಸಾಮಾನ್ಯ ದಂಪತಿಗಳಿಗೆ ಹುಟ್ಟುವ ನೂರು ಮಕ್ಕಳಲ್ಲಿ 2-3 ಮಕ್ಕಳಿಗೆ ಹುಟ್ಟಿನಿಂದ ಬಂದ ತೊಂದರೆ ಇದ್ದರೆ, ಅತ್ತೆ ಮಾವನ ಮಕ್ಕಳು ಮದುವೆಯಾದಾಗ ಅದು ಸುಮಾರು ಎರಡು ಪಟ್ಟಾಗುತ್ತದೆ. ಅಂದರೆ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ಆದರೆ ಅಪಾಯ ಹೆಚ್ಚುವುದು ನಿಜ. ಮನೆತನದಲ್ಲಿ ಈಗಾಗಲೇ ಒಂದು ಮಗುವಿಗೆ ತೊಂದರೆ ಇದ್ದರೆ, ಅಥವಾ ಚಿಕ್ಕ ವಯಸ್ಸಿನಲ್ಲಿ ಮಕ್ಕಳು ತೀರಿಕೊಂಡಿದ್ದರೆ, ಅಂಥ ಸಂಬಂಧ ನಿಶ್ಚಯಿಸುವ ಮೊದಲು ತಳಿ ಸಲಹೆಗಾರರನ್ನು ಕಾಣುವುದು ಅಗತ್ಯ.

ಅಹಿಂಸೆಯ ದೃಷ್ಟಿಯಲ್ಲಿ ಈ ಪರೀಕ್ಷೆ

ಇಬ್ಬರೂ ವಾಹಕರೆಂದು ಗರ್ಭ ನಿಂತ ಮೇಲೆ ಗೊತ್ತಾದರೆ ವೈದ್ಯರು 11ರಿಂದ 13 ವಾರಗಳ ಸುಮಾರಿಗೆ ಗರ್ಭದ ಪರೀಕ್ಷೆ ಮಾಡಿಸಲು ಸೂಚಿಸುತ್ತಾರೆ. ಮಗುವಿಗೆ ರೋಗವಿದೆ ಎಂದು ತಿಳಿದರೆ ಮುಂದಿನ ಪ್ರಶ್ನೆ ಗರ್ಭಪಾತದ್ದು. ಕಾನೂನು ನಿರ್ದಿಷ್ಟ ಸಂದರ್ಭಗಳಲ್ಲಿ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಗರ್ಭದಲ್ಲಿರುವುದು ಪಂಚೇಂದ್ರಿಯ ಜೀವ ಎಂದು ನಂಬುವ ಶ್ರಾವಕ ದಂಪತಿಗೆ ಆ ನಿರ್ಧಾರ ಎಷ್ಟು ಕಠಿಣ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಜೀವಹಿಂಸೆಯ ಭಾರ, ಇನ್ನೊಂದು ಕಡೆ ಮಗು ಜೀವನಪೂರ್ತಿ ಅನುಭವಿಸುವ ನೋವು. ಇಂಥ ಹೊತ್ತಿನಲ್ಲಿ ಆ ತಾಯಿಗೆ ಹೊರಗಿನವರ ಉಪದೇಶಕ್ಕಿಂತ ಮನೆಯವರ ಆಸರೆ ಮುಖ್ಯ.

ಮದುವೆಗೆ ಮೊದಲೇ ಪರೀಕ್ಷೆಯಾಗಿದ್ದರೆ ಈ ಇಕ್ಕಟ್ಟೇ ಬರುವುದಿಲ್ಲ. ಕಣ್ಣಿಗೆ ಕಾಣದ ಜೀವಗಳಿಗಾಗಿ ನೀರನ್ನು ಸೋಸಿ ಕುಡಿಯುವ ಸಮಾಜಕ್ಕೆ ಮುನ್ನೆಚ್ಚರಿಕೆ ಹೊಸತೇನಲ್ಲ. ಯತ್ನಾಚಾರ ಎಂದರೆ ಇದೇ ತಾನೇ? "ಎಲ್ಲ ಕರ್ಮ, ಪರೀಕ್ಷೆಯಿಂದ ಏನಾದೀತು" ಎನ್ನುವ ಹಿರಿಯರೂ ಇದ್ದಾರೆ. ಕರ್ಮಸಿದ್ಧಾಂತ ಪುರುಷಾರ್ಥವನ್ನು ಬಿಡಲು ಹೇಳುವುದಿಲ್ಲ. ಜ್ವರ ಬಂದಾಗ ಔಷಧ ಕೊಡುವ ಮನೆಯಲ್ಲಿ ಬರಬಹುದಾದ ರೋಗವನ್ನು ಮೊದಲೇ ವಿಚಾರಿಸುವುದರಲ್ಲಿ ತಪ್ಪಿಲ್ಲ.

ಈಗಾಗಲೇ ಮದುವೆಯಾಗಿರುವ ವಾಹಕ ದಂಪತಿಗಳೂ ಎದೆಗುಂದಬೇಕಾಗಿಲ್ಲ. ಗರ್ಭಧಾರಣೆಗೆ ಮೊದಲೇ ತಜ್ಞರನ್ನು ಕಂಡರೆ ದಾರಿಗಳನ್ನು ವಿವರಿಸುತ್ತಾರೆ. ಪ್ರಯೋಗಾಲಯದಲ್ಲಿ ಭ್ರೂಣ ಪರೀಕ್ಷಿಸುವ ವಿಧಾನವೂ ಇದೆ. ಅದರಲ್ಲೂ ಭ್ರೂಣಗಳನ್ನು ಆರಿಸಿ ಉಳಿದವನ್ನು ಬಿಡುವ ಪ್ರಶ್ನೆ ಇರುವುದರಿಂದ ದಂಪತಿಗಳು ವಿಚಾರ ಮಾಡಿ ನಿರ್ಧರಿಸಬೇಕು. ದತ್ತು ಸ್ವೀಕಾರ ಎಲ್ಲ ರೀತಿಯಿಂದಲೂ ಗೌರವದ ದಾರಿ. ಒಂದು ಮಾತು ನೆನಪಿಡಬೇಕು: ಗರ್ಭದ ಪರೀಕ್ಷೆಯ ನೆಪದಲ್ಲಿ ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯ್ದೆಯಂತೆ ಅಪರಾಧ.

ನ್ಯೂಯಾರ್ಕಿನ ಒಂದು ಧಾರ್ಮಿಕ ಸಮಾಜ ಮಾಡಿದ ಕೆಲಸ

ಗರ್ಭಪಾತವನ್ನು ಒಪ್ಪದ ಇನ್ನೊಂದು ಸಣ್ಣ ಸಮಾಜ ಇದೇ ಕಷ್ಟಕ್ಕೆ ಕಂಡುಕೊಂಡ ಉಪಾಯ ತಿಳಿಯಬೇಕಾದದ್ದು. ಅಶ್ಕೆನಾಜಿ ಯಹೂದಿಗಳಲ್ಲಿ ಟೇ-ಸ್ಯಾಕ್ಸ್ ಎಂಬ ರೋಗದ ವಾಹಕರು ಸುಮಾರು 30ಕ್ಕೆ ಒಬ್ಬರು. ರೋಗ ಬಂದ ಮಕ್ಕಳು ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕಿಂತ ಹೆಚ್ಚು ಬದುಕುವುದಿಲ್ಲ. ನ್ಯೂಯಾರ್ಕಿನ ಧರ್ಮಗುರು ಜೋಸೆಫ್ ಎಕ್‌ಸ್ಟೀನ್ ಈ ರೋಗಕ್ಕೆ ತಮ್ಮ ನಾಲ್ಕು ಮಕ್ಕಳನ್ನು ಕಳೆದುಕೊಂಡರು. 1980ರ ದಶಕದ ಆರಂಭದಲ್ಲಿ ಅವರು ದೋರ್ ಯೆಶೋರಿಮ್ ಎಂಬ ಸಂಸ್ಥೆ ಕಟ್ಟಿದರು.

ಇದರ ಕ್ರಮ ಹೀಗಿದೆ. ಮದುವೆಯ ವಯಸ್ಸಿಗೆ ಬರುವ ಮೊದಲೇ ಹುಡುಗ ಹುಡುಗಿಯರ ರಕ್ತ ಪರೀಕ್ಷಿಸಿ, ಹೆಸರಿನ ಬದಲು ಒಂದು ಸಂಖ್ಯೆ ಕೊಡುತ್ತಾರೆ. ಯಾರು ವಾಹಕ ಎಂಬುದನ್ನು ಹೇಳುವುದಿಲ್ಲ. ಸಂಬಂಧದ ಮಾತು ಬಂದಾಗ ಎರಡೂ ಕಡೆಯ ಸಂಖ್ಯೆಗಳನ್ನು ತಿಳಿಸಿದರೆ, ಈ ಜೋಡಿ ಹೊಂದುತ್ತದೆ ಅಥವಾ ಇಲ್ಲ ಎಂದಷ್ಟೇ ಉತ್ತರ ಬರುತ್ತದೆ. ಹೊಂದದಿದ್ದರೆ ಮಾತುಕತೆ ಅಲ್ಲಿಗೆ ಮುಗಿಯುತ್ತದೆ, ಯಾರಿಗೂ ಕಳಂಕವಿಲ್ಲ. ಈ ಪದ್ಧತಿ ಅನುಸರಿಸಿದ ಸಮಾಜದಲ್ಲಿ ಆ ರೋಗದ ಮಕ್ಕಳು ಹುಟ್ಟುವುದು ಬಹುತೇಕ ನಿಂತುಹೋಗಿದೆ.

ಜೈನ ಸಂಘಗಳು ಇದರಿಂದ ಕಲಿಯಬೇಕಾದದ್ದು ಗೌಪ್ಯತೆಯ ಪಾಠ. ವಧು-ವರರ ಬಯೋಡೇಟಾದಲ್ಲಿ ವಾಹಕ ಎಂದು ಮುದ್ರಿಸಿದರೆ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾಗುತ್ತದೆ, ಜನ ಪರೀಕ್ಷೆಗೇ ಬರುವುದಿಲ್ಲ. ವರದಿ ಆಯಾ ವ್ಯಕ್ತಿಯ ಕೈಯಲ್ಲೇ ಇರಬೇಕು. ಮಾತು ಮುಂದುವರಿದಾಗ ನಿಶ್ಚಿತಾರ್ಥಕ್ಕೆ ಮೊದಲು ಎರಡೂ ಕಡೆಯವರು ಒಬ್ಬ ವೈದ್ಯರ ಮುಂದೆ ವರದಿ ಹೋಲಿಸಿ ನೋಡಿದರೆ ಸಾಕು.

ಸಂಘ-ಸಂಸ್ಥೆಗಳು ಏನು ಮಾಡಬಹುದು?

ರಕ್ತದಾನದಲ್ಲಿ ಜೈನ ಸಂಘಟನೆಗಳು ಮುಂದಿವೆ. ಅಖಿಲ ಭಾರತೀಯ ತೇರಾಪಂಥ ಯುವಕ ಪರಿಷತ್ತು 2012ರ ಸೆಪ್ಟೆಂಬರ್ 17ರಂದು ದೇಶಾದ್ಯಂತ ಒಂದೇ ದಿನ ನಡೆಸಿದ ಬೃಹತ್ ಶಿಬಿರ ಎಲ್ಲರಿಗೂ ನೆನಪಿದೆ. ಹೀಗೆ ಕೊಟ್ಟ ರಕ್ತದ ದೊಡ್ಡ ಪಾಲು ಥಲಸ್ಸೇಮಿಯಾ ಮಕ್ಕಳಿಗೇ ಬೇಕಾಗುತ್ತದೆ. ಅದೇ ಶಿಬಿರದಲ್ಲಿ 18 ವರ್ಷ ಮೀರಿದ ಅವಿವಾಹಿತರಿಗೆ ಸಿಬಿಸಿ ಮತ್ತು ಎಚ್‌ಪಿಎಲ್‌ಸಿ ಪರೀಕ್ಷೆಯನ್ನೂ ಸೇರಿಸಿದರೆ ಹೆಚ್ಚಿನ ಖರ್ಚಿಲ್ಲದೆ ದೊಡ್ಡ ಕೆಲಸವಾಗುತ್ತದೆ. ಮೇ 8 ವಿಶ್ವ ಥಲಸ್ಸೇಮಿಯಾ ದಿನ. ವಧು-ವರರ ಸಮಾವೇಶಗಳಲ್ಲಿ, ಪರ್ಯೂಷಣ ಹಾಗೂ ದಶಲಕ್ಷಣ ಪರ್ವದ ಸಭೆಗಳಲ್ಲಿ ವೈದ್ಯರಿಂದ ಅರ್ಧ ಗಂಟೆಯ ಮಾತು ಇಡಿಸಬಹುದು.

ಅಪರೂಪದ ರೋಗವಿರುವ ಮಕ್ಕಳಿಗೆ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಂತೆ ಉತ್ಕೃಷ್ಟತಾ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ಪಡೆಯಲು ಅವಕಾಶವಿದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಇಂಥ ಒಂದು ಕೇಂದ್ರ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲೂ ವೈದ್ಯಕೀಯ ತಳಿವಿಜ್ಞಾನ ವಿಭಾಗವಿದೆ. ದೂರದ ತಾಲೂಕಿನ ಕುಟುಂಬಕ್ಕೆ ಇಲ್ಲಿಗೆ ದಾರಿ ತೋರಿಸಿ, ಜೊತೆಗೆ ಹೋಗುವ ಒಬ್ಬ ಕಾರ್ಯಕರ್ತ ಸಿಕ್ಕರೂ ಅದು ದೊಡ್ಡ ಸೇವೆ.

ಮಕ್ಕಳಿಗೆ ಓದು ಮತ್ತು ಉದ್ಯೋಗ

ಈ ಕ್ಷೇತ್ರದಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆ. ದೇಶದ 83 ಜನಸಮುದಾಯಗಳ 10,000 ಜನರ ಪೂರ್ಣ ಜೀನೋಮ್ ಓದುವ ಜೀನೋಮ್ ಇಂಡಿಯಾ ಯೋಜನೆ 2020ರಲ್ಲಿ ಆರಂಭವಾಯಿತು. ಇದನ್ನು ಮುನ್ನಡೆಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್. 2025ರ ಜನವರಿಯಲ್ಲಿ ಈ ಮಾಹಿತಿಯನ್ನು ಸಂಶೋಧಕರಿಗೆ ತೆರೆಯಲಾಯಿತು. ಮಾಹಿತಿ ಸಿಕ್ಕಿದೆ, ಅದನ್ನು ಓದಿ ಅರ್ಥ ಹೇಳುವವರು ಬೇಕಾಗಿದ್ದಾರೆ.

ಹಲವು ಜೈನ ಮನೆಗಳಲ್ಲಿ ಮಕ್ಕಳು ಜೀವಶಾಸ್ತ್ರ ಬೇಡವೆನ್ನಲು ಕಾರಣ ಕಪ್ಪೆ ಕೊಯ್ಯುವ ಭಯ. ಆ ಕಾಲ ಹೋಗಿದೆ. ಪ್ರಾಣಿಶಾಸ್ತ್ರದ ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ಯುಜಿಸಿ 2014ರಲ್ಲಿ ನಿಲ್ಲಿಸಿತು. ಆದರೂ ಕೆಲವು ತಳಿವಿಜ್ಞಾನ ಪ್ರಯೋಗಾಲಯಗಳಲ್ಲಿ ಹಣ್ಣಿನ ನೊಣಗಳನ್ನೋ ಇಲಿಗಳನ್ನೋ ಬಳಸುತ್ತಾರೆ. ಅಹಿಂಸಾವ್ರತ ಪಾಲಿಸಬೇಕೆನ್ನುವ ವಿದ್ಯಾರ್ಥಿ ಸೇರುವ ಮೊದಲೇ ಪಠ್ಯಕ್ರಮ ವಿಚಾರಿಸಬೇಕು. ಅಂಥವರಿಗೆ ಹೊಂದುವ ದಾರಿಗಳೂ ಸಾಕಷ್ಟಿವೆ.

ತಳಿ ಸಲಹೆಗಾರರು: ಪಿಯುಸಿ ವಿಜ್ಞಾನದ ನಂತರ ಜೀವವಿಜ್ಞಾನದ ಪದವಿ, ಆಮೇಲೆ ಜೆನೆಟಿಕ್ ಕೌನ್ಸೆಲಿಂಗ್‌ನಲ್ಲಿ ಎರಡು ವರ್ಷದ ಎಂ.ಎಸ್ಸಿ. ಕುಟುಂಬದ ವಂಶಾವಳಿ ಬರೆದು, ಪರೀಕ್ಷೆಯ ಅರ್ಥ ತಿಳಿಸಿ, ನಿರ್ಧಾರಕ್ಕೆ ನೆರವಾಗುವ ಕೆಲಸ. ಕನ್ನಡದಲ್ಲಿ ಸಮಾಧಾನವಾಗಿ ಮಾತಾಡಬಲ್ಲ ಸಲಹೆಗಾರರ ಕೊರತೆ ಬಹಳ ಇದೆ.

ವೈದ್ಯರು: ಎಂಬಿಬಿಎಸ್ ಮುಗಿಸಿ, ಮಕ್ಕಳ ವೈದ್ಯಶಾಸ್ತ್ರ ಅಥವಾ ಪ್ರಸೂತಿಶಾಸ್ತ್ರದಂಥ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮೂರು ವರ್ಷದ ಡಿಎಂ ಮಾಡಬಹುದು. ಲಖನೌದ ಎಸ್‌ಜಿಪಿಜಿಐ ಇದಕ್ಕೆ ಹೆಸರಾದ ಸಂಸ್ಥೆ.

ಜೈವಿಕ ಮಾಹಿತಿ ವಿಶ್ಲೇಷಕರು: ಗಣಿತ, ಕಂಪ್ಯೂಟರ್ ಬಲ್ಲವರಿಗೆ ಸೂಕ್ತ. ಕೆಲಸವೆಲ್ಲ ಕಂಪ್ಯೂಟರ್ ಮುಂದೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಐಬಿಎಬಿ ಸಂಸ್ಥೆಯಲ್ಲಿ ಇದರ ಶಿಕ್ಷಣವಿದೆ. ಮೆಡ್‌ಜೀನೋಮ್, ಸ್ಟ್ರ್ಯಾಂಡ್ ಲೈಫ್ ಸೈನ್ಸಸ್‌ನಂಥ ಬೆಂಗಳೂರಿನ ಕಂಪನಿಗಳು ಇಂಥವರಿಗೆ ಉದ್ಯೋಗ ಕೊಡುತ್ತವೆ.

ಸಂಶೋಧಕರು: ಎಂ.ಎಸ್ಸಿ ನಂತರ ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನವಿದೆ.

ಜೈನರಿಗೆ 2014ರಲ್ಲಿ ರಾಷ್ಟ್ರೀಯ ಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆತಿದೆ. ಹಾಗಾಗಿ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಶೈಕ್ಷಣಿಕ ಸಾಲದಂಥ ಸೌಲಭ್ಯಗಳನ್ನು ವಿಚಾರಿಸಬೇಕು. ಆಯಾ ವರ್ಷದ ಅರ್ಹತೆ, ಆದಾಯ ಮಿತಿ ಮತ್ತು ಕೊನೆಯ ದಿನಾಂಕವನ್ನು ಜಿಲ್ಲಾ ಕಚೇರಿಯಲ್ಲಿ ಕೇಳಿ ತಿಳಿಯುವುದು ಒಳ್ಳೆಯದು.

ಮನೆಯಲ್ಲಿ ಇಂದೇ ಮಾಡಬಹುದಾದದ್ದು

ಮೂರು ತಲೆಮಾರಿನ ವಂಶಾವಳಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾರಿಗೆ ಯಾವ ರೋಗವಿತ್ತು, ಚಿಕ್ಕಂದಿನಲ್ಲಿ ತೀರಿಕೊಂಡ ಮಕ್ಕಳೆಷ್ಟು, ಯಾವ ಮದುವೆಗಳು ಸಂಬಂಧದಲ್ಲೇ ಆದವು ಎಂಬುದನ್ನು ಅಜ್ಜ ಅಜ್ಜಿಯರು ಇರುವಾಗಲೇ ಕೇಳಿ ಗುರುತು ಹಾಕಿಕೊಳ್ಳಿ. ಮದುವೆಯ ವಯಸ್ಸಿನ ಮಗ ಮಗಳಿಗೆ ಸಿಬಿಸಿ ಮತ್ತು ಎಚ್‌ಪಿಎಲ್‌ಸಿ ಮಾಡಿಸಿ. ವಾಹಕ ಎಂದು ಬಂದರೆ ಗಾಬರಿಯಾಗದೆ, ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಿ ವರದಿಯನ್ನು ಮನೆಯೊಳಗೇ ಇಟ್ಟುಕೊಳ್ಳಿ. ಗರ್ಭಿಣಿಯಾಗಿರುವ ಸೊಸೆ ಮಗಳಂದಿರಿಗೆ ಈ ಪರೀಕ್ಷೆ ಆಗಿಲ್ಲದಿದ್ದರೆ ಮೊದಲ ತಿಂಗಳುಗಳಲ್ಲೇ ವೈದ್ಯರನ್ನು ಕೇಳಿ. ಗಂಡು ಕಡೆಯವರೇ ಮೊದಲು ತಮ್ಮ ಮಗನ ಪರೀಕ್ಷೆ ಮಾಡಿಸಿ ಮಾತು ತೆಗೆದರೆ ಹೆಣ್ಣಿನ ಮನೆಯವರಿಗೂ ಸಂಕೋಚವಿರುವುದಿಲ್ಲ.